ಮೊದಲು ಸೌದೆ ಒಣಗಿಸಿಕೊಂಡವರು

ಆರಿದ್ರಾ ಮಳೆ ಹಿಡಿದ ಮೇಲೆ ಸಕಲೇಶಪುರ ತಾಲ್ಲೂಕಿನ ಹೆತ್ತೂರು, ಯಸಳೂರು, ಹಾನುಬಾಳು ಕಡೆ ಸೂರ್ಯನ ಮುಖ ಕಾಣುವುದೇ ಅಪರೂಪ. ಪುನರ್ವಸು, ಪುಷ್ಯ, ಆಶ್ಲೇಷ ಕಳೆದು ಮಘೆಯ ಹೊತ್ತಿಗೆ ಒಂದಿಷ್ಟು ಹೊಳವು ಸಿಕ್ಕರೆ ಅದೇ ಪುಣ್ಯ. ಒಂದು ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್ ಫೆಬ್ರವರಿಯ ಬಿಸಿಲಿನಲ್ಲಿ ದಿನಕ್ಕೆ ನಾಲ್ಕೈದು ಯೂನಿಟ್ ಕೊಡುತ್ತದೆ. ಜಡಿಮಳೆಯ ದಿನ ಅದರ ಅರ್ಧವೂ ಬರುವುದಿಲ್ಲ. ಅದರ ಜೊತೆಗೆ ಮನೆಯ ಸುತ್ತ ಸಿಲ್ವರ್ ಮರ, ಹಲಸು, ಅತ್ತಿ. ಆಲೂರಿನ ಕಡೆ ಇಳಿದರೆ ಮಳೆಯೂ ಮರವೂ ಕಡಿಮೆಯಾಗುತ್ತವೆ, ಪಾಳ್ಯ, ಕುಂದೂರಿನ ಬಯಲಿನಲ್ಲಿ ಬಿಸಿಲಿಗೆ ಬರವಿಲ್ಲ. ಘಾಟಿಯ ಅಂಚಿನ ಊರುಗಳ ಮಾತು ಬೇರೆ. ಚಿತ್ರದುರ್ಗದ ಬಯಲಿಗೆ ಹಾಕಿದ ಸೋಲಾರ್ ಲೆಕ್ಕವನ್ನು ಇಲ್ಲಿಗೆ ತಂದರೆ ಜುಲೈ ತಿಂಗಳಲ್ಲಿ ಸೋಲುತ್ತದೆ.

ಹಾಗಾಗಿ ಈ ಬೆಟ್ಟಗಳಲ್ಲಿ ಮೊದಲ ಪ್ರಶ್ನೆ ಎಷ್ಟು ಶಕ್ತಿ ಹುಟ್ಟಿಸಬಹುದು ಎಂಬುದಲ್ಲ. ಎಷ್ಟು ಕಡಿಮೆಯಲ್ಲಿ ಮನೆ ನಡೆಯುತ್ತದೆ ಎಂಬುದು. ಇದು ಹೊಸ ಪ್ರಶ್ನೆಯೂ ಅಲ್ಲ. ಕರೆಂಟು, ಗ್ಯಾಸು ಯಾವುದೂ ಇಲ್ಲದ ಕಾಲದಲ್ಲಿ ಇಲ್ಲಿನ ಮನೆಗಳಿಗಿದ್ದ ಇಂಧನ ಸೌದೆಯೊಂದೇ. ಮಳೆಗಾಲ ಅದನ್ನೂ ನೆನೆಸಿ ಕೆಡಿಸುತ್ತಿತ್ತು.

ಮಲೆನಾಡಿನ ಹಳೆಯ ಮನೆಗಳಲ್ಲಿ ಸೌದೆ ಕೊಟ್ಟಿಗೆ ಇಲ್ಲದ ಮನೆಯನ್ನು ಹುಡುಕಬೇಕು. ಕಾಫಿ ಕೊಯ್ಲು ಮುಗಿದು, ಕಣದ ಕೆಲಸ ತೀರಿದ ಮೇಲೆ, ಯುಗಾದಿಯ ಆಚೀಚೆ ಸೌದೆಯ ಕೆಲಸ ಶುರು. ಕಡಿಯುವುದು, ಸೀಳುವುದು, ಬಿಸಿಲಿಗೆ ಹರವುವುದು, ಮುಂಗಾರಿಗೆ ಮುನ್ನ ಒಳಗೆ ಒಟ್ಟುವುದು. ನಾಲ್ಕು ತಿಂಗಳ ಉರುವಲು ಒಳಗೆ ಸೇರದಿದ್ದರೆ ಆ ಮನೆಯ ಹೆಂಗಸರು ಆಷಾಢವಿಡೀ ಊದುಗೊಳವೆ ಹಿಡಿದು ಕಣ್ಣೀರು ಸುರಿಸಬೇಕು. ಇದರ ಹಿಂದಿನ ಲೆಕ್ಕ ಸರಳ. ಆಗಷ್ಟೇ ಕಡಿದ ಹಸಿ ಸೌದೆಯ ತೂಕದಲ್ಲಿ ಸುಮಾರು ಅರ್ಧ ಪಾಲು ನೀರೇ ಇರುತ್ತದೆ. ಬೆಂಕಿ ಮೊದಲು ಆ ನೀರನ್ನು ಆವಿ ಮಾಡಬೇಕು, ಆಮೇಲೆ ಅನ್ನದ ಪಾತ್ರೆಯ ಕಡೆ ಗಮನ. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆ ಕೊಡುವ ಶಾಖ ಅಷ್ಟೇ ತೂಕದ ಹಸಿ ಸೌದೆಯ ಶಾಖದ ಹೆಚ್ಚುಕಡಿಮೆ ಎರಡರಷ್ಟು. ಬೇಸಿಗೆಯ ಬಿಸಿಲಿನಲ್ಲಿ ಸೌದೆ ಒಣಗಿಸುವುದೆಂದರೆ ಸೂರ್ಯನ ಶಾಖವನ್ನು ಮಳೆಗಾಲಕ್ಕೆ ಕೂಡಿಡುವುದು. ಬ್ಯಾಟರಿ ಇಲ್ಲದ ಕಾಲದ ಈ ಕೂಡಿಡುವ ವಿದ್ಯೆಗೆ ಬೇಕಾಗಿದ್ದದ್ದು ಒಂದು ಮಾಡು, ಒಂದು ಕೊಡಲಿ, ಜೊತೆಗೆ ಬಗ್ಗುವ ಬೆನ್ನು. ಆ ಬೆನ್ನು ಬಹುತೇಕ ಹೆಂಗಸರದ್ದು ಮತ್ತು ಆಳುಮಕ್ಕಳದ್ದು ಎಂಬುದನ್ನು ಹಳೆಯ ಕಾಲವನ್ನು ಹೊಗಳುವವರು ಸಾಮಾನ್ಯವಾಗಿ ಮರೆಯುತ್ತಾರೆ.

ಒಳಗಿನ ಅಡುಗೆಮನೆಯಲ್ಲೂ ಇದೇ ಜಿಪುಣತನ. ಒಲೆಗೆ ಅಂಟಿದಂತೆ ಒಂದು ಕೋಡೊಲೆ. ಮುಖ್ಯ ಒಲೆಯ ಉರಿಯಲ್ಲಿ ಕಡುಬು ಬೇಯುತ್ತಿದ್ದರೆ, ಪಕ್ಕಕ್ಕೆ ಹಾಯುವ ಬಿಸಿಗಾಳಿಯಲ್ಲಿ ಸಾರು ಆರದಂತೆ ಕೂರುತ್ತಿತ್ತು. ಒಲೆಯ ಮೇಲಿನ ಅಟ್ಟಕ್ಕೆ ಏರುವ ಹೊಗೆಯೂ ದಂಡವಲ್ಲ: ಅಲ್ಲಿ ಕೊಡಂಪುಳಿ, ಬೀಜದ ತೆನೆ, ನಾಳೆಯ ಸೌದೆ ಒಣಗುತ್ತಿದ್ದವು, ಜಂತೆಗೆ ಹುಳ ಬೀಳುತ್ತಿರಲಿಲ್ಲ. ರಾತ್ರಿ ಊಟ ಮುಗಿದ ಮೇಲೆ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟರೆ ಬೆಳಗ್ಗೆ ಬೆಂಕಿಕಡ್ಡಿ ಬೇಡ. ಹಗಲಿನ ಬೆಳಕು ತೊಟ್ಟಿಯಿಂದ ಬರುತ್ತಿತ್ತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹೆಂಚುಗಳು ಮೆಲ್ಲಗೆ ಘಾಟಿ ಹತ್ತಿ ಬಂದವು. ಹುಲ್ಲು ಮಾಡು ಹೋದ ಮನೆಗಳಲ್ಲಿ ನಡುವೆ ಒಂದೆರಡು ಗಾಜಿನ ಹೆಂಚು ಕೂರಿಸುವ ರೂಢಿ ಬಂತು. ಕತ್ತಲೆ ಅಡುಗೆಮನೆಗೆ ಬಿದ್ದ ಆ ಒಂದು ಚೌಕದ ಬೆಳಕಿಗೆ ತಿಂಗಳ ಬಿಲ್ಲು ಇರಲಿಲ್ಲ.

ಇಷ್ಟೆಲ್ಲ ಉಳಿತಾಯ ಒಂದು ಕಡೆ ಸೋರಿಹೋಗುತ್ತಿತ್ತು: ಬಚ್ಚಲು.

ಸುಮಾರು 950 ಮೀಟರ್ ಎತ್ತರದ ಊರಿನಲ್ಲಿ, ಗದ್ದೆಯಲ್ಲೋ ತೋಟದಲ್ಲೋ ಜಿಗಣೆ ಕಚ್ಚಿಸಿಕೊಂಡು ನೆನೆದು ಬಂದವರಿಗೆ ಬಿಸಿನೀರು ಬೇಕೇ ಬೇಕು. ಬಂದ ನೆಂಟರಿಗೂ ಮೊದಲ ಉಪಚಾರ ಅದೇ. ಬಚ್ಚಲಿನ ತಾಮ್ರದ ಹಂಡೆಯ ಕೆಳಗೆ ಬೆಳಗಿನಿಂದ ರಾತ್ರಿಯವರೆಗೆ ದಪ್ಪ ಕೊರಡು ಉರಿಯುತ್ತಲೇ ಇರುತ್ತಿತ್ತು. ಒಂದು ಬಕೆಟ್, ಅಂದರೆ 20 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಬೇಕಾದ ಶಾಖ ಕರೆಂಟಿನ ಲೆಕ್ಕದಲ್ಲಿ ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ, 0.58 ಯೂನಿಟ್. ತೆರೆದ ಹಂಡೆ ಒಲೆಯಲ್ಲಿ ಶಾಖದ ಹತ್ತನೇ ಒಂದು ಪಾಲಷ್ಟೇ ನೀರಿಗೆ ಸೇರಿದರೆ, ಅದೇ ಬಕೆಟ್‌ಗೆ ಒಂದೂವರೆ ಕಿಲೋ ಹತ್ತಿರ ಒಣ ಸೌದೆ ಬೇಕು. ಐದು ಜನರ ಮನೆಗೆ ದಿನಕ್ಕೆ ಏಳು ಕಿಲೋ! ಸೌದೆ ಬಿಟ್ಟು ಗೀಸರ್‌ಗೆ ಬಂದರೂ ಇದೇ ಐದು ಬಕೆಟ್ ತಿಂಗಳಿಗೆ 85 ಯೂನಿಟ್ ದಾಟುತ್ತದೆ. ಮನೆಯ ಎಲ್ಲ ದೀಪ, ಟಿವಿ, ಮಿಕ್ಸಿ ಸೇರಿದರೂ ಅಷ್ಟಾಗುವುದು ಕಷ್ಟ. ಮಲೆನಾಡಿನ ಮನೆಯ ಶಕ್ತಿಯ ಚರಿತ್ರೆ ಬರೆಯುವವರು ದೀಪದ ಕಡೆ ನೋಡುವುದು ಸಹಜ. ನಿಜವಾದ ಖರ್ಚು ಬಚ್ಚಲಿನಲ್ಲಿದೆ.

ಈ ಸೌದೆಯೆಲ್ಲ ಎಲ್ಲಿಂದ ಬರುತ್ತಿತ್ತು? ಕಾಡಿನಿಂದ ಎಂಬ ಉತ್ತರ ಅರ್ಧ ಸರಿ. ಟಿಪ್ಪು 1792ರಲ್ಲಿ ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯ ಹೆಸರಿನಿಂದ ಈ ಸೀಮೆಯನ್ನು ಮಂಜರಾಬಾದ್ ಎಂದು ಕರೆಯುತ್ತಿದ್ದರು. 1850ರ ದಶಕದಲ್ಲಿ ರಾಬರ್ಟ್ ಎಲಿಯಟ್‌ನಂಥ ಬ್ರಿಟಿಷ್ ಪ್ಲಾಂಟರುಗಳು ಇಲ್ಲಿ ನೆಲೆಯಾದರು. ಎಲಿಯಟ್ 1894ರಲ್ಲಿ ಮೈಸೂರಿನ ಕಾಫಿ ತೋಟಗಾರಿಕೆಯ ಮೇಲೆ ಪುಸ್ತಕ ಬರೆದಾಗ ನೆರಳಿನ ಮರಗಳಿಗೆ ಬಹಳ ಜಾಗ ಕೊಟ್ಟಿದ್ದಾನೆ. ಅವನ ಚಿಂತೆ ಕಾಫಿ ಗಿಡದ್ದು, ಒಲೆಯದ್ದಲ್ಲ. ಹಾಗಿದ್ದೂ ನೆರಳಿನಡಿ ಕಾಫಿ ಬೆಳೆಯುವ ಪದ್ಧತಿ ಇಲ್ಲಿನ ಒಲೆಗಳಿಗೆ ಶತಮಾನಕ್ಕೂ ಮೀರಿ ಸೌದೆ ಒದಗಿಸಿದೆ. ಮುಂಗಾರಿನ ಹೊತ್ತಿಗೆ ತೋಟಕ್ಕೆ ಬೆಳಕು ಬಿಡಲು ಮರಗಸಿ ಮಾಡಿದಾಗ ಕೊಂಬೆ ಬೀಳುತ್ತವೆ, ಗಿಡದ ಕಸಿಯಲ್ಲಿ ಕಡ್ಡಿ ಬೀಳುತ್ತವೆ. ಬಿಳಿ ಕಾಂಡಕೊರಕ ಹಿಡಿದ ಅರೇಬಿಕಾ ಗಿಡವನ್ನು ಕಿತ್ತು ಸುಡಲೇಬೇಕು. ಅದನ್ನು ತೋಟದಲ್ಲಿ ಸುಡುವ ಬದಲು ಒಲೆಯಲ್ಲಿ ಸುಟ್ಟರೆ ಎರಡು ಕೆಲಸ. ಕಾಫಿ ಗಿಡದ ಕಾಂಡ ಗಟ್ಟಿ, ಕೆಂಡ ನಿಲ್ಲುತ್ತದೆ. ಹಾಲವಾಣ ಮಾತ್ರ ನಿಷ್ಪ್ರಯೋಜಕ, ಭರ್ರೆಂದು ಉರಿದು ಮುಗಿಯುತ್ತದೆ.

ತೋಟದ ಧಣಿಗೆ ಹೀಗೆ ಸೌದೆಯ ಬರ ಬರಲಿಲ್ಲ. ಲೈನ್ ಮನೆಗಳಲ್ಲಿದ್ದ ತೋಟದ ಕೂಲಿಯವರ ಪಾಡು ಬೇರೆ. ಬಿದ್ದ ಕೊಂಬೆಯಲ್ಲಿ ದಪ್ಪದ್ದು ಯಾರಿಗೆ, ಸಣ್ಣದ್ದು ಯಾರಿಗೆ ಎಂಬುದು ತೋಟದಿಂದ ತೋಟಕ್ಕೆ ಬದಲಾಗುವ ರಿವಾಜು. ಸಂಜೆ ಕೆಲಸ ಬಿಟ್ಟ ಹೆಂಗಸರು ತಲೆಯ ಮೇಲೆ ಒಂದು ಹೊರೆ ಹೊತ್ತು ಹೋಗುವುದು ಇಂದಿಗೂ ಸಕಲೇಶಪುರದ ರಸ್ತೆಗಳ ದಿನನಿತ್ಯದ ನೋಟ. ಕಳೆದ ಎರಡು ದಶಕಗಳಲ್ಲಿ ಆ ಹೊರೆಗೆ ಆನೆಯ ಭಯವೂ ಸೇರಿಕೊಂಡಿದೆ. ಆಲೂರು-ಸಕಲೇಶಪುರದ ಆನೆ ಸಮಸ್ಯೆ ಹೈಕೋರ್ಟಿನವರೆಗೆ ಹೋಯಿತು. ಪ್ರೊ. ರಾಮನ್ ಸುಕುಮಾರ್ ನೇತೃತ್ವದ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು, 2014ರಲ್ಲಿ ಇಲ್ಲಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದರು. ಆದರೂ ಮುಂಜಾವದಲ್ಲಿ ತೋಟದೊಳಗೆ ಸೌದೆಗೆ ಹೋಗುವವರ ಎದೆ ಇಂದಿಗೂ ಹೊಡೆದುಕೊಳ್ಳುತ್ತದೆ. ಇಂಥ ಕಡೆ ಒಲೆ ಒಂದು ಕಿಲೋ ಸೌದೆ ಕಡಿಮೆ ತಿಂದರೂ ಅದು ಪರಿಸರದ ಮಾತಷ್ಟೇ ಅಲ್ಲ, ಜೀವದ ಮಾತು.

ಒಲೆಯನ್ನು ತಕ್ಕಡಿಯಲ್ಲಿಟ್ಟು ತೂಗಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. 1973ರ ತೈಲ ಬಿಕ್ಕಟ್ಟು ಜಗತ್ತಿಗೆಲ್ಲ ಬಿಸಿ ಮುಟ್ಟಿಸಿದ ಮರುವರ್ಷ, 1974ರಲ್ಲಿ, ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿ ಅಲ್ಲಿ 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭಿಸಿದರು. ರೆಡ್ಡಿಯವರು ಮೂಲತಃ ವಿದ್ಯುತ್-ರಸಾಯನ ವಿಜ್ಞಾನಿ. ಅವರ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರ ಸುತ್ತಲಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಶಕ್ತಿಯ ಲೆಕ್ಕ ಬರೆಯಿತು. ಯಾರು ಎಷ್ಟು ಸೌದೆ ತಂದರು, ಎಷ್ಟು ಹೊತ್ತು ನಡೆದರು, ಎತ್ತು ಎಷ್ಟು ದುಡಿಯಿತು, ದೀಪಕ್ಕೆ ಎಷ್ಟು ಸೀಮೆಎಣ್ಣೆ ಹೋಯಿತು. ಫಲಿತಾಂಶ ನೋಡಿದ ನಗರದವರಿಗೆ ಅಚ್ಚರಿ, ಹಳ್ಳಿಯವರಿಗೆ ಗೊತ್ತಿದ್ದದ್ದೇ: ಹಳ್ಳಿಯ ಶಕ್ತಿಯಲ್ಲಿ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ಸೌದೆಯದ್ದು, ಅದು ಬಹುಪಾಲು ಅಡುಗೆಗೆ ಮತ್ತು ಬಿಸಿನೀರಿಗೆ. ಸಾಂಪ್ರದಾಯಿಕ ಒಲೆಯಲ್ಲಿ ನೂರು ಪಾಲು ಶಾಖದಲ್ಲಿ ಐದರಿಂದ ಹತ್ತು ಪಾಲಷ್ಟೇ ಪಾತ್ರೆಗೆ ಸೇರುತ್ತಿತ್ತು. ಉಳಿದದ್ದು ಗೋಡೆಗೆ, ಗಾಳಿಗೆ, ಅಮ್ಮಂದಿರ ಮುಖಕ್ಕೆ.

ಇಲ್ಲಿಂದ ಹುಟ್ಟಿದ್ದು ಅಸ್ತ್ರ ಒಲೆ. 1980ರ ದಶಕದ ಆರಂಭದಲ್ಲಿ ಲೋಕ್ರಸ್, ಕೆ.ಎಸ್. ಜಗದೀಶ್, ಸ್ವಾತಿ ಭೋಗ್ಲೆ ಮೊದಲಾದವರು ಇದಕ್ಕೆ ರೂಪ ಕೊಟ್ಟರು. ಮೂರು ಪಾತ್ರೆ ಕೂರುವ ಮಣ್ಣಿನ ಒಲೆ. ಸೌದೆಯ ಕೆಳಗೆ ಕಬ್ಬಿಣದ ಜಾಲರಿ, ಮುಂದೆ ಮುಚ್ಚಳ, ಹಿಂದೆ ಹೊಗೆಕೊಳವೆ. ಪಾತ್ರೆ ಬಾಯಿಗೆ ಸರಿಯಾಗಿ ಕೂತು ಉರಿ ಪಕ್ಕಕ್ಕೆ ಜಾರದಂತೆ ಅಳತೆ. ಮೊದಲ ಪಾತ್ರೆ ದಾಟಿದ ಬಿಸಿಗಾಳಿ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ, ಕೊನೆಗೆ ಕೊಳವೆಗೆ. ಅಜ್ಜಿಯರ ಕೋಡೊಲೆಯ ಉಪಾಯವೇ ಇದು. ವಿಜ್ಞಾನಿಗಳು ಅದಕ್ಕೆ ಅಳತೆಗೋಲು ಹಿಡಿದರು. ಪ್ರಯೋಗಾಲಯದಲ್ಲಿ ಈ ಒಲೆಯ ದಕ್ಷತೆ ನೂರಕ್ಕೆ ನಲವತ್ತು ದಾಟಿತು. ಹಂಡೆ ಒಲೆಗೂ ಇದೇ ತತ್ವದ ಮಾದರಿ ಬಂತು. ನಲವತ್ತರ ದಕ್ಷತೆ ಸಿಕ್ಕರೆ ಒಂದೂವರೆ ಕಿಲೋ ಕೇಳುತ್ತಿದ್ದ ಬಕೆಟ್‌ಗೆ 350 ಗ್ರಾಂ ಸೌದೆ ಸಾಕು. ಅದೇ ಮರ, ಅದೇ ತಾಮ್ರದ ಹಂಡೆ, ಅದೇ ಬಿಸಿನೀರು, ಕಾಲು ಪಾಲು ಸೌದೆ.

ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಈ ಒಲೆಯನ್ನು ಹಳ್ಳಿಗಳಿಗೆ ಒಯ್ಯಲು ಒಲೆ ಕಟ್ಟುವವರಿಗೆ ತರಬೇತಿ ಕೊಟ್ಟಿತು. 1983ರಲ್ಲಿ ಕೇಂದ್ರ ಸರ್ಕಾರ ದೇಶಕ್ಕೆಲ್ಲ ಸುಧಾರಿತ ಒಲೆಯ ಕಾರ್ಯಕ್ರಮ ಆರಂಭಿಸಿತು. ಸಹಾಯಧನ ಬಂತು, ಅದರ ಬೆನ್ನಿಗೇ ಗುರಿ ಬಂತು. ಗುರಿ ಬಂದ ಮೇಲೆ ಕೆಟ್ಟದ್ದು ಶುರು. ಎಷ್ಟು ಒಲೆ ಕಟ್ಟಿದರು ಎಂಬುದು ಕಡತಕ್ಕೆ ಸೇರುತ್ತಿತ್ತು, ಎಷ್ಟು ಒಲೆ ಉರಿಯುತ್ತಿವೆ ಎಂಬುದನ್ನು ಕೇಳುವವರು ಕಡಿಮೆ. ಜಾಲರಿ ಮತ್ತು ಪಾತ್ರೆಯ ಬಾಯಿಯ ಅಳತೆ ಬೆರಳಗಲ ತಪ್ಪಿದರೂ ದಕ್ಷತೆ ಇಳಿಯುತ್ತದೆ, ಹೊಗೆ ಒಳಗೇ ನುಗ್ಗುತ್ತದೆ. ಮಸಿ ಕಟ್ಟಿದ ಕೊಳವೆಯನ್ನು ತಿಂಗಳಿಗೊಮ್ಮೆ ಕೆರೆಯಬೇಕು. ಸೌದೆಯನ್ನು ಸಣ್ಣಗೆ ಸೀಳಬೇಕು. ಮಾರುದ್ದದ ಕೊರಡನ್ನು ತುದಿಯಿಂದ ನೂಕುತ್ತಾ ಹೋಗುವ ಮಲೆನಾಡಿನ ಅಭ್ಯಾಸಕ್ಕೆ ಇದು ಒಗ್ಗಲಿಲ್ಲ. ಹೊಗೆಯೆಲ್ಲ ಕೊಳವೆಯಲ್ಲಿ ಹೋದರೆ ಅಟ್ಟದ ಸಾಮಾನು ಒಣಗುವುದು ಹೇಗೆ ಎಂಬ ಪ್ರಶ್ನೆಯನ್ನೂ ಹಗುರವಾಗಿ ತಳ್ಳಿಹಾಕುವಂತಿಲ್ಲ. ರಾಷ್ಟ್ರೀಯ ಕಾರ್ಯಕ್ರಮವನ್ನು 2002ರಲ್ಲಿ ನಿಲ್ಲಿಸಿದರು. ಅಸ್ತ್ರ ಒಲೆ ಸೋತಿತು ಎನ್ನುವವರಿದ್ದಾರೆ. ಅಳತೆ ಬಲ್ಲ ಕೈ ಕಟ್ಟಿದ ಕಡೆ, ಕೆರೆಯುವ ಕೈ ಇದ್ದ ಕಡೆ ಅದು ಉಳಿಯಿತು. ಸೋತದ್ದು ಒಲೆಯಲ್ಲ, ಒಲೆ ಎಣಿಸಿದ ರೀತಿ.

ಕರೆಂಟಿನ ಕಥೆ ತಡವಾಗಿ ಬಂತು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ. ಮಲೆನಾಡಿನ ಹಳ್ಳಿ ಇನ್ನೂ ಸೀಮೆಎಣ್ಣೆ ಬುಡ್ಡಿಯಲ್ಲಿತ್ತು, ಮದುವೆ ಮನೆಗೆ ಪೆಟ್ರೋಮ್ಯಾಕ್ಸ್. 1957ರಲ್ಲಿ ರಾಜ್ಯ ವಿದ್ಯುತ್ ಮಂಡಳಿ ಹುಟ್ಟಿ, 1960ರ ದಶಕದಲ್ಲಿ ಶರಾವತಿ ತಿರುಗಲು ಶುರುವಾದ ಮೇಲೆ ಕಂಬಗಳು ಹಳ್ಳಿಯತ್ತ ನಡೆದವು. ಬಡವರ ಮನೆಗೆ ಕರೆಂಟು ತಂದದ್ದು ರಾಜ್ಯದ ಭಾಗ್ಯಜ್ಯೋತಿ ಯೋಜನೆ, 1988-89ರಿಂದ ಕೇಂದ್ರದ ಕುಟೀರ ಜ್ಯೋತಿ. ಒಂದು ಮನೆಗೆ ಒಂದು ಬಲ್ಬು, ಅದೂ 40 ವ್ಯಾಟಿನದು. ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಆರು ಯೂನಿಟ್. ಆ ಆರು ಯೂನಿಟ್‌ನಲ್ಲಿ ಬೆಳಕಾಗಿ ಹೊರಬಂದದ್ದು ಹತ್ತನೇ ಒಂದು ಪಾಲೂ ಇಲ್ಲ, ಮಿಕ್ಕದ್ದೆಲ್ಲ ಶಾಖ. ಸೌದೆ ಒಲೆಯ ದೋಷವೇ ಗಾಜಿನ ಬುರುಡೆಯೊಳಗೆ ಮತ್ತೆ ಹುಟ್ಟಿತ್ತು.

ಇದನ್ನೂ ಇಲ್ಲಿ ಗಟ್ಟಿಯಾಗಿ ಹೇಳಿದವರು ರೆಡ್ಡಿಯವರೇ. 1987ರಲ್ಲಿ ರಾಜ್ಯದ ಒಂದು ಸಮಿತಿ 2000ನೇ ಇಸವಿಗೆ ಬೇಕಾಗುವ ವಿದ್ಯುತ್ತಿನ ಅಂದಾಜು ಮಾಡಿ, ಅದಕ್ಕೆ ತಕ್ಕಂತೆ ದೊಡ್ಡ ದೊಡ್ಡ ಸ್ಥಾವರಗಳ ಪಟ್ಟಿ ಕೊಟ್ಟಿತ್ತು. ರೆಡ್ಡಿ ಮತ್ತು ಸಂಗಡಿಗರು 1991ರಲ್ಲಿ ಪರ್ಯಾಯ ಲೆಕ್ಕವೊಂದನ್ನು ಪ್ರಕಟಿಸಿದರು. ಎಷ್ಟು ಕರೆಂಟು ಬೇಕು ಎಂದು ಕೇಳುವ ಬದಲು ಅವರು ಕೇಳಿದ್ದು, ಜನಕ್ಕೆ ಬೇಕಾದದ್ದೇನು ಎಂದು. ಬೆಳಕು ಬೇಕು, ಬಿಸಿನೀರು ಬೇಕು, ಬಾವಿಯಿಂದ ನೀರು ಏರಬೇಕು. ಅದನ್ನು ಅತಿ ಕಡಿಮೆ ಕರೆಂಟಿನಲ್ಲಿ ಕೊಡುವ ದಾರಿ ಯಾವುದು? ತಂತಿಯ ಬಲ್ಬು ತೆಗೆದು ಸಿಎಫ್ಎಲ್, ಗೀಸರ್ ಬದಲು ಸೋಲಾರ್ ವಾಟರ್ ಹೀಟರ್, ಪಂಪ್‌ಸೆಟ್ಟಿಗೆ ಘರ್ಷಣೆ ಕಡಿಮೆಯ ಫುಟ್‌ವಾಲ್ವ್. ಇಷ್ಟು ಮಾಡಿದರೆ ಕತ್ತಲೆಯಲ್ಲಿದ್ದ ಎಲ್ಲ ಮನೆಗೂ ಸಂಪರ್ಕ ಕೊಟ್ಟು, ಸಮಿತಿ ಕೇಳಿದ ವಿದ್ಯುತ್ತಿನ ಸುಮಾರು ಐದರಲ್ಲಿ ಎರಡು ಪಾಲಿನಲ್ಲೇ ರಾಜ್ಯ ನಡೆಯುತ್ತದೆ ಎಂಬುದು ಆ ಲೆಕ್ಕದ ಸಾರ. ಅಮೆರಿಕದಲ್ಲಿ ಶಕ್ತಿ ಚಿಂತಕ ಏಮರಿ ಲೊವಿನ್ಸ್ ಇದೇ ಮಾತನ್ನು ಬೇರೆ ದಾರಿಯಿಂದ ಹೇಳುತ್ತಿದ್ದರು. ಕರ್ನಾಟಕದ ಲೆಕ್ಕದ ವಿಶೇಷವೆಂದರೆ ಅದು ಶ್ರೀಮಂತರ ಮಿತವ್ಯಯದಿಂದ ಶುರುವಾಗಲಿಲ್ಲ, ಬಲ್ಬೇ ಇಲ್ಲದ ಮನೆಯಿಂದ ಶುರುವಾಯಿತು. ಸರ್ಕಾರಗಳು ಓದಿದವು, ಮೆಚ್ಚಿದವು, ಸ್ಥಾವರಗಳ ಪಟ್ಟಿಯನ್ನೇ ಹಿಡಿದುಕೊಂಡವು.

ಪಟ್ಟಿ ಘಾಟಿಗೂ ಬಂತು. ಸಕಲೇಶಪುರದ ಎತ್ತಿನಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ನೀರು ತಿರುಗಿಸಿ ವಿದ್ಯುತ್ ಮಾಡುವ ಗುಂಡ್ಯ ಯೋಜನೆಯನ್ನು ಕೈಗೊಳ್ಳಬಾರದು ಎಂದು ಮಾಧವ ಗಾಡ್ಗೀಳ್ ಸಮಿತಿ 2011ರ ಆಗಸ್ಟ್‌ನಲ್ಲಿ ಸಲಹೆ ಮಾಡಿತು. ಅದು ನಿಂತಿತು. ಆಮೇಲೆ ಅದೇ ಹೊಳೆಗಳಿಗೆ ಎತ್ತಿನಹೊಳೆ ಕುಡಿಯುವ ನೀರಿನ ಯೋಜನೆ ಬಂದು, 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲ್ಲೂಕಿನ ಹೆಬ್ಬನಹಳ್ಳಿಯಲ್ಲಿ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. ವಿದ್ಯುತ್ ಕೊಡಬೇಕಿದ್ದ ನೀರು ಈಗ ವಿದ್ಯುತ್ ಬೇಡುತ್ತದೆ: ಪೂರ್ವಕ್ಕೆ ಏರಿಸಲು ಯೋಜನೆ ಕೇಳುವುದು ಸುಮಾರು 275 ಮೆಗಾವ್ಯಾಟ್. ಅಷ್ಟನ್ನು ಮನೆಗಳಿಂದ ಉಳಿಸಬೇಕಾದರೆ ಒಂದೇ ಹೊತ್ತಿಗೆ ಉರಿಯುವ ಸುಮಾರು 90 ಲಕ್ಷ 40 ವ್ಯಾಟ್ ಬಲ್ಬುಗಳನ್ನು 9 ವ್ಯಾಟ್ ಎಲ್ಇಡಿಗೆ ಬದಲಿಸಬೇಕು. ಮನೆಯ ಉಳಿತಾಯದ ಮಾತಾಡುವಾಗ ಈ ತೂಕವೂ ಕಣ್ಣ ಮುಂದಿರಲಿ. ಲೈನ್ ಮನೆಯವಳಿಗೆ ಸ್ವಿಚ್ ಆರಿಸು ಎಂದು ಬುದ್ಧಿ ಹೇಳುವುದು ಸುಲಭ.

ಬಲ್ಬಿನ ವಿಷಯದಲ್ಲಿ ಮಾತ್ರ ರೆಡ್ಡಿಯವರ ಲೆಕ್ಕ ತಡವಾಗಿಯಾದರೂ ಗೆದ್ದಿತು. ಅದನ್ನು ಮೊದಲು ಕಸುಬಾಗಿ ಮಾಡಿದವರು ಸೋಲಾರ್ ಮಾರುವವರು ಎಂಬುದು ಚರಿತ್ರೆಯ ಸೊಗಸು. ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ 1995ರಲ್ಲಿ ಕರ್ನಾಟಕದಲ್ಲಿ ಸೆಲ್ಕೋ ಕಂಪನಿ ಆರಂಭಿಸಿದಾಗ ಸೋಲಾರ್ ಪ್ಯಾನೆಲ್ ಚಿನ್ನದ ಬೆಲೆಯದ್ದು. ನಾಲ್ಕು ದೀಪದ ಸೆಟ್ಟಿಗೆ 40 ವ್ಯಾಟಿನ ತಂತಿ ಬಲ್ಬು ಹಾಕಿದರೆ ನಾಲ್ಕು ಗಂಟೆಗೆ 640 ವ್ಯಾಟ್-ಅವರ್ ಬೇಕು. 9 ವ್ಯಾಟಿನ ಸಿಎಫ್ಎಲ್ ಹಾಕಿದರೆ 144. ಮೊದಲನೆಯದಕ್ಕೆ ಮಾಡಿನ ತುಂಬ ಪ್ಯಾನೆಲ್ ಬೇಕಾಗುತ್ತಿತ್ತು. ಎರಡನೆಯದಕ್ಕೆ 40 ವ್ಯಾಟಿನ ಆಸುಪಾಸಿನ ಒಂದೇ ಪ್ಯಾನೆಲ್ ಸಾಕು, ಗ್ರಾಮೀಣ ಬ್ಯಾಂಕು ಸಾಲ ಕೊಡುವಷ್ಟು ಬೆಲೆ. ದೀಪ ಬದಲಾಗದಿದ್ದರೆ ಬಡವರ ಮನೆಗೆ ಸೋಲಾರ್ ಬರುತ್ತಲೇ ಇರಲಿಲ್ಲ. ಬೇಡಿಕೆ ಇಳಿಸಿದ್ದು ಮೊದಲು, ಪ್ಯಾನೆಲ್ ಹತ್ತಿಸಿದ್ದು ಆಮೇಲೆ. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಪತ್ರಿಕೆಗಳು ಪ್ಯಾನೆಲ್ ಬಗ್ಗೆ ಬರೆದವು, ಬಲ್ಬನ್ನು ಮರೆತವು. ನಾಲ್ಕು ವರ್ಷ ಬಿಟ್ಟು, 2015ರ ಡಿಸೆಂಬರಿನಲ್ಲಿ, ರಾಜ್ಯ ಸರ್ಕಾರ 'ಹೊಸ ಬೆಳಕು' ಹೆಸರಿನಲ್ಲಿ 9 ವ್ಯಾಟಿನ ಎಲ್ಇಡಿ ಹಂಚಲು ಹೊರಟಿತು. ಭಾಗ್ಯಜ್ಯೋತಿಯ ಆರು ಯೂನಿಟ್ ಈ ಬಲ್ಬಿನಲ್ಲಿ 1.35 ಯೂನಿಟ್ ಆಯಿತು, ಬೆಳಕು ಹೆಚ್ಚೇ ಆಯಿತು.

ಮಲೆನಾಡಿನಲ್ಲಿ ಸೋಲಾರ್‌ಗಿಂತ ಚೆನ್ನಾಗಿ ಈ ಪಾಠ ಕಲಿಸಿದ್ದು ಹಳ್ಳದ ನೀರು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಒಂಟಿ ಮನೆಗಳಿಗೆ ಸರ್ಕಾರದ ಸಹಾಯಧನದೊಂದಿಗೆ ಒಂದು ಕಿಲೋವ್ಯಾಟಿನ ಪುಟ್ಟ ಟರ್ಬೈನುಗಳು ಬಂದವು. ಇಪ್ಪತ್ತು ಮೀಟರ್ ಎತ್ತರದಿಂದ ಸೆಕೆಂಡಿಗೆ ಹತ್ತು ಲೀಟರ್ ನೀರು ಪೈಪಿನಲ್ಲಿ ಇಳಿದರೆ ಸಾಕು. ಸೂರ್ಯ ಮುಖ ಮುಚ್ಚಿದ ತಿಂಗಳಲ್ಲೇ ಇದಕ್ಕೆ ಹಬ್ಬ. ಹಗಲು ರಾತ್ರಿ ತಿರುಗಿದರೆ ದಿನಕ್ಕೆ 24 ಯೂನಿಟ್. ಆದರೆ ಯಾವ ಗಳಿಗೆಯಲ್ಲೂ ಒಂದು ಕಿಲೋವ್ಯಾಟ್ ಮೀರುವಂತಿಲ್ಲ. ಎರಡು ಕಿಲೋವ್ಯಾಟಿನ ಗೀಸರ್ ಒತ್ತಿದರೆ ಮನೆಯೇ ಮಂಕಾಗುತ್ತದೆ. ಹಾಗಾಗಿ ಆ ಮನೆಯವರು ತಾವಾಗಿಯೇ ಯಾವುದು ಎಷ್ಟು ವ್ಯಾಟ್ ಎಂದು ಓದಲು ಕಲಿತರು. ಮಿಕ್ಸಿ ತಿರುಗುವಾಗ ಇಸ್ತ್ರಿ ಪೆಟ್ಟಿಗೆ ಬೇಡ, ಫ್ರಿಡ್ಜ್ ಕೊಂಡರೆ ಸಣ್ಣದು. ಬಳಸದೆ ಉಳಿದ ಕರೆಂಟನ್ನು ಕಂಟ್ರೋಲರ್ ಒಂದು ಕಾಯಿಲ್‌ಗೆ ತಿರುಗಿಸುತ್ತದೆ; ಆ ಕಾಯಿಲನ್ನು ನೀರಿನಲ್ಲಿ ಇಟ್ಟರೆ ರಾತ್ರಿಯಿಡೀ ಮೆಲ್ಲಗೆ ಕಾಯ್ದ ಬಿಸಿನೀರು ಬೆಳಗ್ಗೆ ಸಿದ್ಧ. ಹಂಡೆಯ ತಾಳ್ಮೆ ಬಲ್ಲವರಿಗೆ ಇದು ಹೊಸದೆನಿಸಲಿಲ್ಲ.

ಕಂಬದ ಕರೆಂಟು ಬಂದ ಮನೆಗಳಲ್ಲಿ ಈ ಓದು ನಡೆಯಲಿಲ್ಲ. ಹಂಡೆ ಗುಜರಿಗೆ ಹೋಯಿತು, ಬಚ್ಚಲಿಗೆ ಗೀಸರ್ ಬಂತು. ಸೋಲಾರ್ ವಾಟರ್ ಹೀಟರ್ ಹಾಕಿಸಿದವರಿಗೆ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ 50 ರೂಪಾಯಿವರೆಗೆ ರಿಯಾಯಿತಿ ಹಲವು ವರ್ಷ ಇತ್ತು. ಆದರೆ ಬಿಸಿನೀರು ಅತಿ ಹೆಚ್ಚು ಬೇಕಾದ ಜುಲೈಯಲ್ಲೇ ಅದರ ನೀರು ತಣ್ಣಗೆ. ತೊಟ್ಟಿ ಮುಚ್ಚಿ ಆರ್‌ಸಿಸಿ ಹಾಕಿದ ಮನೆಗಳಲ್ಲಿ ಹಗಲೂ ದೀಪ ಬೇಕಾಯಿತು. ಅಡುಗೆಗೆ ಗ್ಯಾಸ್ ಬಂದದ್ದು ದೊಡ್ಡ ಬಿಡುಗಡೆ, ಅದರಲ್ಲಿ ಎರಡು ಮಾತಿಲ್ಲ. 2016ರ ಉಜ್ವಲಾ ಯೋಜನೆ ಬಡವರ ಮನೆಗೂ ಸಿಲಿಂಡರ್ ತಂದಿತು. ಆದರೂ ಶಿರಾಡಿ ಘಾಟಿಯಲ್ಲಿ ಭೂಕುಸಿತವಾಗಿ ಮಂಗಳೂರಿನ ಟ್ಯಾಂಕರುಗಳು ನಿಂತ ಮಳೆಗಾಲದಲ್ಲಿ, ಹಿತ್ತಿಲ ಒಲೆ ಉಳಿಸಿಕೊಂಡವರು ಬುದ್ಧಿವಂತರೆನಿಸುತ್ತಾರೆ.

2023ರ ಗೃಹಜ್ಯೋತಿ ಈ ಚರಿತ್ರೆಗೆ ವಿಚಿತ್ರ ಅಧ್ಯಾಯ ಸೇರಿಸಿದೆ. ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಎಂದು ಮಾತು. ಆದರೆ ಪ್ರತಿ ಮನೆಯ ಮಿತಿ 2022-23ರ ಸರಾಸರಿ ಬಳಕೆಗೆ ಶೇಕಡ 10 ಸೇರಿಸಿದಷ್ಟು. ಅಂದರೆ ಮೊದಲೇ ಗೀಸರ್ ಬಿಟ್ಟು ಹಂಡೆ ಕಾಯಿಸಿಕೊಂಡು 40 ಯೂನಿಟ್‌ನಲ್ಲಿ ಸಂಸಾರ ಮಾಡಿದವರಿಗೆ ಸಿಕ್ಕದ್ದು 44. ಧಾರಾಳವಾಗಿ 170 ಉರಿಸಿದವರಿಗೆ 187. ಉಳಿಸಿದವರಿಗೆ ಕಡಿಮೆ, ಪೋಲು ಮಾಡಿದವರಿಗೆ ಜಾಸ್ತಿ. ಬಡ ಮನೆಗಳಿಗೆ ಈ ಯೋಜನೆ ದೊಡ್ಡ ಆಸರೆ. ಮಿತಿ ಗೊತ್ತುಮಾಡಿದ ಕ್ರಮ ಮಾತ್ರ ಜಾಣತನದ್ದಲ್ಲ. 2024ರ ಜನವರಿಯಲ್ಲಿ ಸರ್ಕಾರವೇ ಒಂದಿಷ್ಟು ತಿದ್ದಿ, 48 ಯೂನಿಟ್‌ಗಿಂತ ಕಡಿಮೆ ಸರಾಸರಿಯವರಿಗೆ ಶೇಕಡ 10ರ ಬದಲು ನೇರ 10 ಯೂನಿಟ್ ಹೆಚ್ಚುವರಿ ಕೊಟ್ಟಿತು.

ಮುಂದಿನ ತಿಂಗಳೇ ಬಂದದ್ದು ಮಾಡಿನ ಮೇಲೆ ಸೋಲಾರ್ ಹಾಕಿಸುವ ಕೇಂದ್ರದ ಯೋಜನೆ ಪಿಎಂ ಸೂರ್ಯಘರ್. ಎರಡು ಕಿಲೋವ್ಯಾಟಿಗೆ 60,000, ಮೂರು ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂಪಾಯಿ ಸಹಾಯಧನ. ಘಾಟಿಯಂಚಿನವರು ಇದಕ್ಕೆ ಸಹಿ ಹಾಕುವ ಮುನ್ನ ಒಂದು ವಿಷಯ ತಿಳಿದಿರಬೇಕು. ಬ್ಯಾಟರಿ ಇಲ್ಲದೆ ಗ್ರಿಡ್‌ಗೆ ಜೋಡಿಸಿದ ಸೋಲಾರ್, ಕಂಬದ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ತಂತಿ ರಿಪೇರಿ ಮಾಡುವವರ ಪ್ರಾಣ ಕಾಯಲು ಹಾಗೆ ಮಾಡಿರುತ್ತಾರೆ. ಮರ ಬಿದ್ದು ನಾಲ್ಕು ದಿನ ಕರೆಂಟಿಲ್ಲದ ಆಶ್ಲೇಷ ಮಳೆಯಲ್ಲಿ ಮಾಡಿನ ಮೇಲೆ ಮೂರು ಕಿಲೋವ್ಯಾಟ್ ಇದ್ದೂ ಮನೆ ಕತ್ತಲೆ. ಬ್ಯಾಟರಿ ಹಾಕಿಸಿದರೆ ಅದರ ಬೆಲೆಯನ್ನು ನಿರ್ಧರಿಸುವುದು ಆ ನಾಲ್ಕು ದಿನ ಮನೆ ಎಷ್ಟು ಯೂನಿಟ್ ಕೇಳುತ್ತದೆ ಎಂಬುದು.

ಆದ್ದರಿಂದ ಅರ್ಜಿ ಹಾಕುವವರು ಮೊದಲು ಒಂದು ವರ್ಷದ ಬಿಲ್ಲುಗಳನ್ನು ಹರವಿ, ಜುಲೈ ಮತ್ತು ಫೆಬ್ರವರಿಯನ್ನು ಪಕ್ಕಪಕ್ಕ ಇಟ್ಟು ನೋಡಲಿ. ಗೀಸರ್ ತಿನ್ನುವ ಯೂನಿಟ್ ಬೇರೆ ಬರೆದುಕೊಳ್ಳಲಿ. 75 ವ್ಯಾಟಿನ ಫ್ಯಾನ್ ಇದ್ದರೆ 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನಿಗೆ ಬದಲಿಸಲಿ, ಮುಚ್ಚಿದ ತೊಟ್ಟಿಯ ಮೇಲೆ ಒಂದೆರಡು ಪಾರದರ್ಶಕ ಶೀಟ್ ಹಾಕಿಸಲಿ. ಬಚ್ಚಲಲ್ಲಿ ಹಂಡೆ ಇನ್ನೂ ಇದ್ದರೆ ಕೀಳಬೇಡಿ. ಕೆಳಗೆ ಜಾಲರಿ, ಹಿಂದೆ ಹೊಗೆಕೊಳವೆ ಹಾಕಿಸಿ, ಹಿಂದಿನ ವರ್ಷದ ಮರಗಸಿಯ ಸೌದೆಯನ್ನು ಏಪ್ರಿಲ್‌ನಲ್ಲೇ ಸೀಳಿ ಒಣಗಿಸಿಡಿ. ಎಷ್ಟು ಕಿಲೋವ್ಯಾಟಿನ ಪ್ಯಾನೆಲ್ ಬೇಕೆಂದು ಅಂಗಡಿಯವರನ್ನು ಕೇಳುವುದು ಇಷ್ಟೆಲ್ಲ ಆದ ಮೇಲೆ.